ಎರಡು ಲೆಕ್ಕಕ್ಕೂ ಸೇರದವರು

ಗಡಿನಾಡಿನಲ್ಲಿ ಬಾಳುವ ನಮಗೆ ಒಂದು ಪ್ರಶ್ನೆ ಹೊಸದಲ್ಲ: 'ನೀವು ಯಾವ ಕಡೆಯವರು?' 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಾವು ಇದಕ್ಕೆ ಉತ್ತರ ಕೊಡುತ್ತಲೇ ಬಂದಿದ್ದೇವೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಛೇರಿಯಲ್ಲಿ ಮಲಯಾಳ. ಮೂರೂ ನಮ್ಮವೇ ಎಂದರೆ ಕೇಳುವವನಿಗೆ ಸಮಾಧಾನವಿಲ್ಲ. ಯಾವುದಾದರೊಂದನ್ನು ಆರಿಸಿ ಹೇಳೆನ್ನುತ್ತಾನೆ. ನುಡಿಯ ವಿಷಯದಲ್ಲಲ್ಲ, ತಮ್ಮ ಅಂತರಂಗದ ಪ್ರೀತಿಯ ವಿಷಯದಲ್ಲಿಯೇ ಇಂಥ ಪ್ರಶ್ನೆಯನ್ನು ಎದುರಿಸಿದ ಒಂದು ಜನವರ್ಗವಿದೆ. ಅವರು ತಮ್ಮನ್ನು ತಾವೇ ಲೋಕಕ್ಕೆ ತೋರಿಸಿಕೊಂಡ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಉದ್ದೇಶಿಸಿದ್ದೇವೆ.

ಮೊದಲು ಹೆಸರಿನ ಮಾತು. ಗಂಡಸರನ್ನೂ ಹೆಂಗಸರನ್ನೂ ಪ್ರೀತಿಸಬಲ್ಲ ಸ್ವಭಾವವುಳ್ಳವರನ್ನು ಇಂಗ್ಲಿಷಿನವರು ಬೈಸೆಕ್ಷುವಲ್ ಎನ್ನುತ್ತಾರೆ. ಕನ್ನಡದಲ್ಲಿ 'ದ್ವಿಲಿಂಗಿ' ಎಂದು ಬರೆಯುವುದುಂಟು. ಆದರೆ ಆ ಮಾತು ಶರೀರದ ರಚನೆಯನ್ನು ಸೂಚಿಸುವಂತೆ ಕೇಳಿಸುತ್ತದೆ. ಇಲ್ಲಿ ಹೇಳಬೇಕಾಗಿರುವುದು ಒಲವಿನ ಸಂಗತಿಯನ್ನೇ ಹೊರತು ಶರೀರದ ಸಂಗತಿಯನ್ನಲ್ಲ. ಆದುದರಿಂದ ಈ ಲೇಖನದ ಮಟ್ಟಿಗೆ ನಾವು 'ಉಭಯಾನುರಾಗಿ' ಎಂಬ ಮಾತನ್ನು ಬಳಸುವೆವು. ಇದಕ್ಕೆ ಹೊಂದಿಕೆಯಾಗುವಂತೆ, ತಮ್ಮದೇ ಲಿಂಗದವರನ್ನು ಪ್ರೀತಿಸುವವರನ್ನು ಸಲಿಂಗಾನುರಾಗಿಗಳೆನ್ನೋಣ.

ಇಂಥ ಸ್ವಭಾವವು ಇದೆಯೆಂಬುದನ್ನು ಅಂಕೆಗಳಲ್ಲಿ ತೋರಿಸಿದವರಲ್ಲಿ ಪ್ರಮುಖರು ಅಮೇರಿಕಾದ ಇಂಡಿಯಾನಾ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ಆಲ್‌ಫ್ರೆಡ್ ಕಿನ್ಸೆ. ಗಂಡಸರ ವಿಷಯವಾಗಿ 1948ರಲ್ಲಿಯೂ ಹೆಂಗಸರ ವಿಷಯವಾಗಿ 1953ರಲ್ಲಿಯೂ ಅವರೂ ಅವರ ಸಹೋದ್ಯೋಗಿಗಳೂ ಎರಡು ದೊಡ್ಡ ಗ್ರಂಥಗಳನ್ನು ಪ್ರಕಟಿಸಿದರು. ಮನುಷ್ಯರನ್ನು ಎರಡೇ ಗುಂಪಾಗಿ ಹಂಚದೆ, ಸೊನ್ನೆಯಿಂದ 6ರ ವರೆಗಿನ ಒಂದು ಅಳತೆಗೋಲನ್ನು ಅವರು ಕಲ್ಪಿಸಿದರು. ಒಂದು ತುದಿಯಲ್ಲಿ ಅನ್ಯಲಿಂಗದವರನ್ನು ಮಾತ್ರ ಬಯಸುವವರು, ಇನ್ನೊಂದು ತುದಿಯಲ್ಲಿ ಸ್ವಲಿಂಗದವರನ್ನು ಮಾತ್ರ ಬಯಸುವವರು. ನಡುವಣ ಮೆಟ್ಟಿಲುಗಳೂ ಬರಿದಾಗಿರಲಿಲ್ಲ. ಶಾಸ್ತ್ರವು ಇಷ್ಟನ್ನು ಒಪ್ಪಿದುದು ದೊಡ್ಡ ಮಾತೇ ಸರಿ. ಆದರೆ ಗ್ರಂಥದ ಕೋಷ್ಟಕದಲ್ಲಿ ಒಂದು ಅಂಕೆಯಾಗಿರುವುದು ಬೇರೆ, ನೆರೆಹೊರೆಯಲ್ಲಿ ಒಬ್ಬ ಮನುಷ್ಯನಾಗಿ ಕಾಣಿಸಿಕೊಳ್ಳುವುದು ಬೇರೆ.

1969ರ ಜೂನ್ 28ರ ನಸುಕಿನಲ್ಲಿ ನ್ಯೂಯಾರ್ಕಿನ ಸ್ಟೋನ್‌ವಾಲ್ ಎಂಬ ಪಾನಗೃಹಕ್ಕೆ ಪೋಲೀಸರು ನುಗ್ಗಿದಾಗ ಅಲ್ಲಿದ್ದವರು ಎಂದಿನಂತೆ ತಲೆ ತಗ್ಗಿಸದೆ ಎದುರು ನಿಂತರು. ವರ್ಷ ತುಂಬಿದ ದಿನ, 1970ರ ಜೂನ್ 28ರಂದು, ಅದೇ ನಗರದ ಬೀದಿಗಳಲ್ಲಿ ಮೊದಲ ಮೆರವಣಿಗೆ ಹೊರಟಿತು. ಅದರ ಸಿದ್ಧತೆಗಾಗಿ ದುಡಿದವರಲ್ಲಿ ಬ್ರೆಂಡಾ ಹವರ್ಡ್ ಎಂಬ ಮಹಿಳೆ ಒಬ್ಬರು. ಅವರು ಉಭಯಾನುರಾಗಿ, ಅದನ್ನು ಮರೆಮಾಚಿದವರೂ ಅಲ್ಲ. ಹೀಗೆ ಹೋರಾಟದಲ್ಲಿ ಉಭಯಾನುರಾಗಿಗಳು ಆದಿಯಿಂದಲೂ ಇದ್ದರು. ಆದರೆ ಹೋರಾಟದ ಹೆಸರಿನಲ್ಲಿ ಅವರಿಗೆ ಸ್ಥಾನವಿರಲಿಲ್ಲ. ಹೊರಗಿನ ಸಮಾಜ ಅವರನ್ನು ಸಲಿಂಗಾನುರಾಗಿಗಳೆಂದು ದೂರವಿಟ್ಟಿತು. ಸಲಿಂಗಾನುರಾಗಿಗಳಲ್ಲಿಯೂ ಹಲವರು, 'ಇವರು ಅಂಜುಬುರುಕರು, ಇಂದಲ್ಲ ನಾಳೆ ಮದುವೆಯಾಗಿ ಆ ಕಡೆಗೆ ಹೊರಟುಹೋಗುವವರು' ಎಂದು ಸಂಶಯಪಟ್ಟರು. ಎರಡು ಮನೆಯಲ್ಲಿಯೂ ನೆಂಟರು, ಒಂದರಲ್ಲಿಯೂ ಮನೆಯವರಲ್ಲ; ಇದು ಅವರ ಪಾಡಾಯಿತು.

ಈ ಪಾಡಿನಿಂದ ಅವರನ್ನು ಮೇಲೆತ್ತಿದುದು ರಾಜರ ಕೃಪೆಯಲ್ಲ, ಧನಿಕರ ದಾನವೂ ಅಲ್ಲ. ಮುಖ್ಯವಾಗಿ ಕೆಲವು ಸಣ್ಣ ಕೂಟಗಳೂ ಕೆಲವೇ ಹಾಳೆಗಳ ಪತ್ರಿಕೆಗಳೂ ಆ ಕೆಲಸವನ್ನು ಮಾಡಿದವು. 1972ರಲ್ಲಿ ನ್ಯೂಯಾರ್ಕಿನಲ್ಲಿ ಡಾನ್ ಫಾಸ್ ಎಂಬವರು ಉಭಯಾನುರಾಗಿಗಳ ಸಂಘವೊಂದನ್ನು ಕಟ್ಟಿದರು. ಆ ಸಂಘವು ತನ್ನದೇ ಒಂದು ವಾರ್ತಾಪತ್ರಿಕೆಯನ್ನು ಹೊರಡಿಸಿತು. ಅದೇ ವರ್ಷದ ಜೂನಿನಲ್ಲಿ ಇಥಾಕಾ ಎಂಬ ಊರಿನಲ್ಲಿ ನೆರೆದಿದ್ದ ಕ್ವೇಕರ್ ಪಂಥದ ಕ್ರೈಸ್ತರಲ್ಲಿ ಕೆಲವರು ಕೂಡಿ ಉಭಯಾನುರಾಗದ ಪರವಾಗಿ ಒಂದು ಹೇಳಿಕೆಯನ್ನು ಸಿದ್ಧಪಡಿಸಿದರು. 1976ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಮ್ಯಾಗಿ ರೂಬೆನ್‌ಸ್ಟೈನ್ ಮತ್ತು ಹ್ಯಾರಿಯೆಟ್ ಲೀವ್ ಎಂಬ ಮಹಿಳೆಯರು ಉಭಯಾನುರಾಗಿಗಳಿಗಾಗಿ ಒಂದು ಕೇಂದ್ರವನ್ನು ತೆರೆದರು. 1983ರಲ್ಲಿ ಬಾಸ್ಟನ್ ನಗರದ ಉಭಯಾನುರಾಗಿ ಮಹಿಳೆಯರು ಒಂದು ಬಳಗವನ್ನು ಕಟ್ಟಿ ಪತ್ರಿಕೆಯೊಂದನ್ನು ಆರಂಭಿಸಿದರು. ಆ ಪತ್ರಿಕೆ ನಾಲ್ಕು ದಶಕಗಳನ್ನು ದಾಟಿ ನಡೆದುಬಂದಿದೆ. ಸಣ್ಣ ಪತ್ರಿಕೆಯ ಆಯುಷ್ಯವೆಷ್ಟೆಂಬುದನ್ನು ಬಲ್ಲ ನಮ್ಮ ವಾಚಕರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ದೂರದ ಊರಿನಲ್ಲಿ ಒಂಟಿಯಾಗಿರುವವನ ಕೈಗೆ ಇಂಥ ಹಾಳೆಯೊಂದು ಬಂದು ತಲುಪಿತೆಂದರೆ, 'ನಾನೊಬ್ಬನೇ ಅಲ್ಲ' ಎಂಬ ತಿಳಿವು ಅವನಿಗೆ ಒದಗುತ್ತದೆ. ಸಮುದಾಯವು ಹುಟ್ಟುವುದು ಆ ತಿಳಿವಿನಿಂದಲೇ.

ಲೆಕ್ಕಕ್ಕೆ ಬಾರದಿರುವುದು ಬರಿಯ ಮಾನಾಪಮಾನದ ಪ್ರಶ್ನೆಯಲ್ಲ, ಕೆಲವೊಮ್ಮೆ ಜೀವದ ಪ್ರಶ್ನೆಯೆಂಬುದು ಏಡ್ಸ್ ರೋಗ ಹಬ್ಬಿದಾಗ ತಿಳಿಯಿತು. ಸ್ಯಾನ್‌ಫ್ರಾನ್ಸಿಸ್ಕೋ ನಗರದ ಆರೋಗ್ಯ ಇಲಾಖೆಯ ರೋಗಿಗಳ ಮತ್ತು ಮೃತರ ಅಂಕಿಅಂಶಗಳಲ್ಲಿ ಸಲಿಂಗಾನುರಾಗಿ ಗಂಡಸರ ಹೆಸರಿತ್ತು. ಉಭಯಾನುರಾಗಿ ಗಂಡಸರ ಹೆಸರಿರಲಿಲ್ಲ. ಹೆಸರೇ ಇಲ್ಲದವರಿಗೆ ಎಚ್ಚರಿಕೆಯ ಮಾತನ್ನು ಹೇಳುವವರು ಯಾರು? ಡೇವಿಡ್ ಲೂರಿಯಾ ಎಂಬ ಕಾರ್ಯಕರ್ತರು ಪಟ್ಟುಬಿಡದೆ ಒತ್ತಾಯಿಸಿದುದರ ಫಲವಾಗಿ 1984ರಲ್ಲಿ ಇಲಾಖೆಯು ಅವರನ್ನೂ ತನ್ನ ಅಂಕಿಅಂಶಗಳಲ್ಲಿ ಸೇರಿಸಿತು. ಒಂದು ಸರಕಾರಿ ಪಟ್ಟಿಯಲ್ಲಿ ಒಂದು ಪದ ಹೆಚ್ಚಾಯಿತು, ಅಷ್ಟೆ. ಆದರೆ ಆ ಪದದ ಹಿಂದೆ ಸಾಯುತ್ತಿದ್ದ ಜನರಿದ್ದರು.

ಮುಂದೆ ಕೂಟಗಳು ಬೆಳೆದವು. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್‌ನಲ್ಲಿ ನಡೆದ ಮಹಾಮೆರವಣಿಗೆಯಲ್ಲಿ ಉಭಯಾನುರಾಗಿಗಳು ತಮ್ಮದೇ ತಂಡವಾಗಿ ನಡೆದರು. ಲಕ್ಷಾಂತರ ಜನರ ನಡುವೆ ಅವರ ತಂಡ ಬಲು ಚಿಕ್ಕದು. ಆದರೂ ದೇಶದ ಬೇರೆಬೇರೆ ಮೂಲೆಗಳಿಂದ ಬಂದವರು ಅಲ್ಲಿ ಒಬ್ಬರನ್ನೊಬ್ಬರು ಕಂಡರು. 1990ರ ಜೂನಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಅವರ ರಾಷ್ಟ್ರೀಯ ಸಮ್ಮೇಳನ ಸೇರಿದಾಗ ಬಂದವರು 400ಕ್ಕೂ ಹೆಚ್ಚು. 1991ರಲ್ಲಿ ಲೊರೇನ್ ಹಚಿನ್ಸ್ ಮತ್ತು ಲಾನಿ ಕಾಹುಮಾನು ಎಂಬವರು ಉಭಯಾನುರಾಗಿಗಳೇ ತಮ್ಮ ಬಾಳಿನ ಕುರಿತು ಬರೆದ ಬರೆಹಗಳನ್ನು ಒಟ್ಟುಗೂಡಿಸಿ ಒಂದು ಸಂಕಲನವನ್ನು ಹೊರತಂದರು. 1993ರ ಏಪ್ರಿಲ್ 25ರ ವಾಷಿಂಗ್ಟನ್ ಮೆರವಣಿಗೆಯ ಅಧಿಕೃತ ಹೆಸರಿನಲ್ಲಿಯೇ ಅವರ ಪದಕ್ಕೆ ಎಡೆ ದೊರೆಯಿತು. ಅದೂ ಪೂರ್ಣರೂಪದಲ್ಲಲ್ಲ, 'ಬೈ' ಎಂಬ ಒಂದೇ ಅಕ್ಷರದಲ್ಲಿ. 1998ರಲ್ಲಿ ಮೈಕೇಲ್ ಪೇಜ್ ಎಂಬವರು ಅವರಿಗಾಗಿ ಒಂದು ಧ್ವಜವನ್ನು ರೂಪಿಸಿದರು: ಮೇಲೆ ಗುಲಾಬಿ, ಕೆಳಗೆ ನೀಲಿ, ನಡುವೆ ಎರಡೂ ಬೆರೆತಂತೆ ತೋರುವ ನೇರಳೆಯ ಕಿರುಪಟ್ಟಿ. ನೇರಳೆಯು ಅರ್ಧ ಗುಲಾಬಿಯೂ ಅಲ್ಲ, ಅರ್ಧ ನೀಲಿಯೂ ಅಲ್ಲ. ಅದೇ ಒಂದು ಬಣ್ಣ. 1999ರಿಂದ ಸೆಪ್ಟೆಂಬರ್ 23ನ್ನು ಅವರು ತಮ್ಮ ದಿನವಾಗಿ ಆಚರಿಸುತ್ತ ಬಂದಿದ್ದಾರೆ.

ಇಷ್ಟಾದರೂ ಮರೆಯು ಪೂರ್ತಿಯಾಗಿ ಸರಿಯಿತೆನ್ನಲಾಗದು. ಅಮೇರಿಕಾದ ಪ್ಯೂ ಸಂಶೋಧನಾ ಕೇಂದ್ರವು 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ತಮ್ಮ ಬಾಳಿನ ಮುಖ್ಯ ವ್ಯಕ್ತಿಗಳೆಲ್ಲರಿಗೆ ಇಲ್ಲವೆ ಹೆಚ್ಚಿನವರಿಗೆ ತಮ್ಮ ಸ್ವಭಾವವು ಗೊತ್ತಿದೆಯೆಂದವರು ಸಲಿಂಗಾನುರಾಗಿ ಗಂಡಸರಲ್ಲಿ ನೂರಕ್ಕೆ 77, ಹೆಂಗಸರಲ್ಲಿ 71. ಉಭಯಾನುರಾಗಿಗಳಲ್ಲಿಯಾದರೋ ಕೇವಲ 28. ಗ್ಯಾಲಪ್ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂಕೆಗಳಂತೆ, ಆ ದೇಶದಲ್ಲಿ ತಾವು ಇಂಥ ಭಿನ್ನ ಒಲವಿನವರು ಇಲ್ಲವೆ ಲಿಂಗಾಂತರಿಗಳು ಎಂದು ಹೇಳಿಕೊಂಡವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಉಭಯಾನುರಾಗಿಗಳೇ. ಸಂಖ್ಯೆಯಲ್ಲಿ ಹೆಚ್ಚಿನವರೇ ಕಣ್ಣಿಗೆ ಕಾಣದವರಾಗಿರುವುದು ವಿಚಿತ್ರವಲ್ಲವೆ?

ನಮ್ಮ ದೇಶದ ಕಥೆಯಲ್ಲಿಯೂ ಸಣ್ಣ ಪತ್ರಿಕೆಗಳ ಪಾತ್ರ ಸಣ್ಣದಲ್ಲ. 1986ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದ ಇಬ್ಬರು ಭಾರತೀಯರು 'ತ್ರಿಕೋನ್' ಎಂಬ ಪತ್ರಿಕೆಯನ್ನು ಹೊರಡಿಸಿದರು. 1990ರಲ್ಲಿ ಅಶೋಕ್ ರಾವ್ ಕವಿ ಅವರೂ ಸಂಗಡಿಗರೂ ಮುಂಬಯಿಯಿಂದ 'ಬಾಂಬೆ ದೋಸ್ತ್' ಪತ್ರಿಕೆಯನ್ನು ಆರಂಭಿಸಿದರು. 1992ರ ಆಗಸ್ಟ್ 11ರಂದು ದೆಹಲಿಯ ಪೋಲೀಸ್ ಕೇಂದ್ರ ಕಛೇರಿಯೆದುರು, ಸಲಿಂಗಾನುರಾಗಿಗಳ ಮೇಲಣ ಕಿರುಕುಳವನ್ನು ಪ್ರತಿಭಟಿಸಿ ಒಂದು ಪ್ರದರ್ಶನ ನಡೆಯಿತು. ಬೆಂಗಳೂರಿನಲ್ಲಿ 1999ರಲ್ಲಿ 'ಸಂಗಮ' ಸಂಸ್ಥೆ ಹುಟ್ಟಿತು. 2013ರಲ್ಲಿ ಸಂಡೂರಿನ ಕಥೆಗಾರ ವಸುಧೇಂದ್ರರ 'ಮೋಹನಸ್ವಾಮಿ' ಕಥಾಸಂಕಲನವು ಸಲಿಂಗಾನುರಾಗಿಯೊಬ್ಬನ ಬಾಳನ್ನು ಕನ್ನಡದ ಓದುಗರ ಮುಂದೆ ತಂದಿತು. ಅದೇ ವರ್ಷದ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ದಂಡಸಂಹಿತೆಯ 377ನೆಯ ವಿಧಿಯನ್ನು ಮತ್ತೆ ಎತ್ತಿಹಿಡಿಯಿತು. 2018ರ ಸೆಪ್ಟೆಂಬರ್ 6ರಂದು, ವಯಸ್ಕರ ಸಮ್ಮತಿಯ ಒಲವು ಅಪರಾಧವಲ್ಲವೆಂದು ಐವರು ನ್ಯಾಯಮೂರ್ತಿಗಳ ಪೀಠವು ಏಕಕಂಠದಿಂದ ತೀರ್ಪಿತ್ತಿತು. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಮದುವೆಯ ಹಕ್ಕು ಮಾತ್ರ ದೊರೆಯಲಿಲ್ಲ. ನಾವು ಬಾಳುವ ಕೇರಳವು 2015ರಲ್ಲಿಯೇ ಲಿಂಗಾಂತರಿಗಳಿಗಾಗಿ ಒಂದು ನೀತಿಯನ್ನು ಪ್ರಕಟಿಸಿತೆಂಬುದನ್ನು ಇಲ್ಲಿ ಸಂತೋಷದಿಂದ ನೆನೆಯಬಹುದು.

ಗಡಿನಾಡಿನ ಹೋಲಿಕೆಯನ್ನು ನಾವು ಹೆಚ್ಚು ಎಳೆಯಲಾರೆವು. ಕನ್ನಡ ಮಾತನಾಡಿದನೆಂದು ತಾಯಿ ಮಗನನ್ನು ಮನೆಯಿಂದ ಹೊರಗೆ ಹಾಕುವುದಿಲ್ಲ. ತನ್ನ ಒಲವನ್ನು ಹೇಳಿಕೊಂಡ ಮಗನಿಗೂ ಮಗಳಿಗೂ ಆ ಭಯ ಇಂದಿಗೂ ಇದೆ. ಆದರೆ ಒಂದು ಪಾಠ ಇಬ್ಬರಿಗೂ ಸಮಾನವಾದುದು. ಎರಡು ಕಡೆಗೂ ಸೇರಿದವನನ್ನು ಅರ್ಧಮನುಷ್ಯನೆಂದು ಎಣಿಸುವುದು ಎಣಿಸುವವನ ದೋಷ. ಅವನು ಎರಡು ಅರ್ಧಗಳಲ್ಲ, ಒಂದು ಪೂರ್ಣ. ಈ ಮಾತನ್ನು ಅವನ ಪರವಾಗಿ ಇತರರು ಹೇಳುವವರೆಗೆ ಕಾಯದೆ, ಬೆರಳೆಣಿಕೆಯ ಜನ ಕೂಡಿ ತಾವೇ ಬರೆದು, ತಾವೇ ಅಚ್ಚುಹಾಕಿ, ತಾವೇ ಹಂಚಿದರು. ಚರಿತ್ರೆ ಮುಂದುವರಿದುದು ಹಾಗೆ.

ಈ ಹಾಳೆಗಳನ್ನು ಓದುವವರಲ್ಲಿಯೂ, ಅವರ ಮಕ್ಕಳಲ್ಲಿಯೂ, ಈ ಚರಿತ್ರೆಗೆ ಸೇರಿದವರು ಇದ್ದೇ ಇರುವರು. ಅವರಿಗೆ ನಾವು ಹೇಳುವುದಿಷ್ಟು: ಎಲ್ಲವನ್ನೂ ಎಲ್ಲರಿಗೂ ಇಂದೇ ಹೇಳಬೇಕೆಂಬ ಕಟ್ಟಿಲ್ಲ, ನಂಬುಗೆಯ ಒಬ್ಬರಿಗೆ ಹೇಳಿದರೂ ಒಂಟಿತನದ ಭಾರ ಇಳಿಯುತ್ತದೆ. ಉಳಿದ ನಮ್ಮ ಕರ್ತವ್ಯವೆಂದರೆ, ಆ ನಂಬುಗೆಯ ಒಬ್ಬರಾಗಿರಲು ಯೋಗ್ಯರಾಗುವುದು. 'ನೀನು ಯಾವ ಕಡೆಯವನು?' ಎಂದು ಕೇಳುವುದನ್ನು ಬಿಟ್ಟು, 'ಬಾ, ಕುಳಿತುಕೋ' ಎನ್ನುವುದನ್ನು ಕಲಿಯೋಣ.