ಪಾಮ್ ಕಾಕಟೂವನ್ನು ಅರಿತ ಬಗೆ

ನ್ಯೂಗಿನಿ, ಅರು ದ್ವೀಪಗಳು, ಆಸ್ಟ್ರೇಲಿಯದ ಉತ್ತರ ತುದಿಯಾದ ಕೇಪ್ ಯಾರ್ಕ್ ಪರ್ಯಾಯದ್ವೀಪ: ಪಾಮ್ ಕಾಕಟೂವಿನ ನೆಲೆ ಇಷ್ಟೇ. 1788ರಲ್ಲಿ ನಿಸರ್ಗಶಾಸ್ತ್ರಜ್ಞ ಗ್ಮೆಲಿನನು ಇದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದ ಕಾಲದಲ್ಲಿ ಯೂರೋಪಿನ ವಿದ್ವಾಂಸರು ಈ ಪಕ್ಷಿಯನ್ನು ಬಲ್ಲುದು ಬಹುಮಟ್ಟಿಗೆ ಅದರ ರೂಪದಿಂದ ಮಾತ್ರ. ಸುಮಾರು 60 ಸೆಂಟಿಮೀಟರ್ ಉದ್ದದ, ಒಂದು ಕಿಲೋಗ್ರಾಮಿನ ಆಸುಪಾಸು ತೂಗುವ ಬೂದಿಗಪ್ಪು ದೇಹ, ನೀಳವಾದ ಗರಿಗಳ ಜುಟ್ಟು, ದೇಹಕ್ಕೆ ಮಿಗಿಲೆನಿಸುವ ಕೊಕ್ಕು, ಗರಿಯಿಲ್ಲದ ಕೆಂಪು ಕೆನ್ನೆ. ಆ ಕೆಂಪು ಉದ್ವೇಗದಲ್ಲಿ ಗಾಢವಾಗುತ್ತದೆಂಬುದು ಒಣಗಿಸಿಟ್ಟ ಚರ್ಮವನ್ನು ನೋಡಿ ತಿಳಿಯುವ ಸಂಗತಿಯಲ್ಲ.

ಈ ಕೊಕ್ಕಿನ ಪ್ರಯೋಜನವನ್ನು ಹತ್ತಿರದಿಂದ ಕಂಡು ವಿವರಿಸಿದ ಕೀರ್ತಿ 1857ರಲ್ಲಿ ಅರು ದ್ವೀಪಗಳಿಗೆ ಬಂದ ಆಲ್ಫ್ರೆಡ್ ರಸೆಲ್ ವಾಲೇಸನಿಗೆ ಸಲ್ಲತಕ್ಕದ್ದು. ಭಾರವಾದ ಸುತ್ತಿಗೆಗಲ್ಲದೆ ಬೇರಾವುದಕ್ಕೂ ಒಡೆಯದ ಕನಾರಿ ಕಾಯನ್ನು ಹಕ್ಕಿ ಕೊಕ್ಕಿನಲ್ಲಿ ಕಚ್ಚಿ, ನಾಲಗೆಯಿಂದ ಒತ್ತಿಹಿಡಿದು, ಹರಿತವಾದ ಕೆಳಕೊಕ್ಕನ್ನು ಗರಗಸದಂತೆ ಆಡಿಸಿ ಅದರಲ್ಲಿ ಗೀರು ಕೊರೆಯುವುದು; ಆಮೇಲೆ ಕಾಯನ್ನು ಕಾಲಿಗೆ ವರ್ಗಾಯಿಸಿ, ಎಲೆಯ ಚೂರೊಂದನ್ನು ಕಿತ್ತು ಮೇಲ್ಕೊಕ್ಕಿನ ಸಂದಿಗೆ ಸೇರಿಸಿ, ನುಣುಪಾದ ಕಾಯಿ ಜಾರದಂತೆ ಮಾಡಿಕೊಂಡು, ಅದೇ ಗೀರಿಗೆ ಕೊಕ್ಕಿನಂಚನ್ನಿಟ್ಟು ಒತ್ತಿ ಚಿಪ್ಪನ್ನು ಮುರಿಯುವುದು; ಕೊನೆಗೆ ತಿರುಳನ್ನು ತುಣುಕುತುಣುಕಾಗಿ ಹೊರತೆಗೆದು ತಿನ್ನುವುದು. 1869ರ ಅವನ ಪ್ರವಾಸಗ್ರಂಥದಲ್ಲಿ ಬರುವ ಈ ವರ್ಣನೆಗಿಂತ ನಿಖರವಾದುದನ್ನು ನಾನು ಈ ವಿಷಯದಲ್ಲಿ ಓದಿಲ್ಲ.

ಆದರೆ ಗೂಡಿನ ಸಂಗತಿ ಬಹುಕಾಲ ಹಿಂದುಳಿಯಿತು. ಕೇಪ್ ಯಾರ್ಕಿನಲ್ಲಿ ಈ ಹಕ್ಕಿ ಮಳೆಕಾಡಿನಲ್ಲಿಯೂ ಅದರ ಅಂಚಿನ ನೀಲಗಿರಿ ಜಾತಿಯ ಮರಗಳ ತೆರಪು ಕಾಡಿನಲ್ಲಿಯೂ ಮೇಯುತ್ತದೆ. ಕೇದಗೆಯ ಜಾತಿಯ ಕಾಯಿ, ನೊಂಡ ಹಣ್ಣು ಇದರ ಆಹಾರ. ಮೊಟ್ಟೆಯಿಡುವುದು ಮಾತ್ರ ತೆರಪು ಕಾಡಿನ ಮರಗಳ ಪೊಟರೆಯಲ್ಲಿ. ಆಕಾಶಕ್ಕೆ ಬಾಯ್ತೆರೆದ ಪೊಟರೆಯೊಳಗೆ ಕಡ್ಡಿಗಳನ್ನು ಸೀಳಿ ಸೀಳಿ ಹಾಕಿ ಹಾಸನ್ನು ಕಟ್ಟಿ, ಅದರ ಮೇಲೆ ಒಂದೇ ಒಂದು ಮೊಟ್ಟೆ.

ಗಂಡು ಹಕ್ಕಿ ಕೋಲನ್ನೋ ಒಣ ಬೀಜಕೋಶವನ್ನೋ ಕಾಲಿನಲ್ಲಿ ಹಿಡಿದು ಮರಕ್ಕೆ ಬಡಿಯುವ ವಿಚಾರ 1984ರಲ್ಲಿ ಪ್ರಕಟವಾದ ವರದಿಯೊಂದರಿಂದ ಪಕ್ಷಿಶಾಸ್ತ್ರಜ್ಞರ ಗಮನ ಸೆಳೆಯಿತು. ರಾಬರ್ಟ್ ಹೈನ್ಸೋನ್ ಮತ್ತು ಸಂಗಡಿಗರು 18 ಗಂಡುಗಳನ್ನು ಅಭ್ಯಸಿಸಿ, ಆ ಬಡಿತದಲ್ಲಿ ಕ್ರಮಬದ್ಧವಾದ ಲಯವುಂಟೆಂದೂ ಒಂದೊಂದು ಹಕ್ಕಿಗೂ ತನ್ನದೇ ಶೈಲಿಯುಂಟೆಂದೂ 2017ರಲ್ಲಿ ತೋರಿಸಿದರು. ಜಗತ್ತು ಬೆರಗಾದುದು ಸಹಜವೇ. ಆದರೂ ನನ್ನ ಮಟ್ಟಿಗೆ ಇದಕ್ಕಿಂತ ಗುರುತರವಾದುದು ಸ್ಟೀಫನ್ ಮರ್ಫಿ, ಸಾರಾ ಲೆಗ್ ಮತ್ತು ಇದೇ ಹೈನ್ಸೋನ್ 2003ರಲ್ಲಿ ಪ್ರಕಟಿಸಿದ ಸಂತಾನವೃತ್ತಿಯ ಅಧ್ಯಯನ. ಜೋಡಿಯೊಂದು ಮೊಟ್ಟೆಯಿಡುವುದು ಸರಾಸರಿ ಎರಡು ವರ್ಷಕ್ಕೂ ಮಿಕ್ಕಿದ ಅಂತರದಲ್ಲಿ; ಹೆಚ್ಚಿನ ಗೂಡುಗಳು ವಿಫಲವಾಗುತ್ತವೆ; ಲೆಕ್ಕ ಹಾಕಿದರೆ ದಶಕಕ್ಕೊಂದು ಮರಿ ಹಾರಿದರೆ ಅದೇ ದೊಡ್ಡದು. ಮುಂದೆ ಮರ್ಫಿ ಮತ್ತು ಲೆಗ್ 2007ರಲ್ಲಿ ಗೂಡುಮರಗಳ ಏಳುಬೀಳನ್ನು ಕುರಿತು ಬರೆದರು. ಗೆದ್ದಲು ತಿಂದು ಟೊಳ್ಳಾದ ಮರವನ್ನು ಬಿರುಗಾಳಿ ಮುರಿದಾಗ ಪೊಟರೆಯ ಬಾಯಿ ತೆರೆಯುತ್ತದೆ. ಕಾಡುಬೆಂಕಿ ಬಂದಾಗ ಅಂತಹ ಮರಗಳೇ ಮೊದಲು ಉರಿದುಬೀಳುತ್ತವೆ. ಆಸ್ಟ್ರೇಲಿಯದಲ್ಲಿ ಈ ಹಕ್ಕಿ ಅಳಿವಿನಂಚಿನ ಪಟ್ಟಿಗೆ ಸೇರಿದೆ. ಬೆಂಕಿಯನ್ನು ಯಾವ ಋತುವಿನಲ್ಲಿ ಎಷ್ಟರಮಟ್ಟಿಗೆ ಹತೋಟಿಯಲ್ಲಿಟ್ಟರೆ ಹಳೆಯ ಪೊಟರೆಗಳು ಉಳಿದಾವೆಂಬ ವಿಚಾರವೇ ಈಗ ಈ ಅಧ್ಯಯನದ ಮುಂದಿರುವ ಕಾರ್ಯ.