ಕ್ಯಾನನ್ ಎಚ್‌ವಿ20

ಜಪಾನಿನ ಕ್ಯಾನನ್ ಸಂಸ್ಥೆಯು 2007ರಲ್ಲಿ ಮಾರುಕಟ್ಟೆಗೆ ತಂದ, ಗೃಹಬಳಕೆಗೆಂದು ನಿರ್ಮಿತವಾದ ಮಧ್ಯಮ ಬೆಲೆಯ ಕ್ಯಾಮ್‌ಕಾರ್ಡರ್. ಎಂದರೆ, ದೃಶ್ಯವನ್ನು ಗ್ರಹಿಸುವ ಕ್ಯಾಮೆರಾವೂ ಅದನ್ನು ಮುದ್ರಿಸಿಕೊಳ್ಳುವ ರೆಕಾರ್ಡರೂ ಒಂದೇ ಒಡಲಿನಲ್ಲಿ ಕೂಡಿಕೊಂಡಿರುವ ಯಂತ್ರ. ಅಮೆರಿಕದಲ್ಲಿ ಆಗ ಇದರ ಘೋಷಿತ ಬೆಲೆ 1,099 ಡಾಲರು ಆಗಿತ್ತು. ಮಕ್ಕಳ ಹುಟ್ಟುಹಬ್ಬವನ್ನು ಚಿತ್ರಿಸಿಕೊಳ್ಳಲೆಂದು ಕೊಳ್ಳುವ ಅಗ್ಗದ ಯಂತ್ರಗಳಿಗಿಂತ ಮೇಲಿನದೂ, ದೂರದರ್ಶನ ಸಂಸ್ಥೆಗಳವರು ಹೆಗಲ ಮೇಲೆ ಹೊರುವ ಯಂತ್ರಗಳಿಗಿಂತ ಬಹಳ ಕೆಳಗಿನದೂ ಆದ ಈ ವರ್ಗದಲ್ಲಿ, ನಿರ್ಮಾಪಕನು ಯಾವುದಕ್ಕೆ ಹಣವನ್ನು ವೆಚ್ಚಮಾಡಿದನು, ಯಾವುದರಲ್ಲಿ ಕೈ ಬಿಗಿಹಿಡಿದನು ಎಂಬುದನ್ನು ಇಷ್ಟು ನಿಚ್ಚಳವಾಗಿ ತೋರಿಸುವ ಯಂತ್ರ ಮತ್ತೊಂದು ದೊರೆಯುವುದು ಕಷ್ಟ. ಮಸೂರಕ್ಕೂ ಸಂವೇದಕಕ್ಕೂ ಅವನು ಧಾರಾಳವಾಗಿ ಸುರಿದಿದ್ದಾನೆ. ಬಳಸುವವನ ಕೈಗೆ ಕೊಡಬೇಕಾಗಿದ್ದ ಗುಂಡಿ, ಚಕ್ರ, ಅಧಿಕಾರಗಳನ್ನು ಮಾತ್ರ ತಡೆಹಿಡಿದಿದ್ದಾನೆ. ಇದರ ಗುಣದೋಷಗಳೆಲ್ಲವೂ ಬಹುಮಟ್ಟಿಗೆ ಈ ಒಂದು ನಿರ್ಧಾರದಿಂದಲೇ ಹುಟ್ಟಿದವು.

ಕ್ಯಾಮೆರಾ ಒಂದು ಕಡೆ, ರೆಕಾರ್ಡರ್ ಇನ್ನೊಂದು ಕಡೆ ಎಂದು ಎರಡು ಭಾರಗಳನ್ನು ಹೊತ್ತು ತಿರುಗಬೇಕಾಗಿದ್ದ ಕಾಲ 1983ರಲ್ಲಿ ಸೋನಿಯ ಬೀಟಾಮೂವಿಯೊಂದಿಗೆ ಮುಗಿಯತೊಡಗಿತು. 1985ರಲ್ಲಿ ವಿಡಿಯೋ8, 1995ರಲ್ಲಿ ಅಂಕೀಯ ಪದ್ಧತಿಯ ಮಿನಿಡಿವಿ ಕ್ಯಾಸೆಟ್ಟು ಬಂದವು. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಈ ಕ್ಯಾಸೆಟ್ಟಿನೊಳಗಣ 6.35 ಮಿಲಿಮೀಟರು ಅಗಲದ ಟೇಪನ್ನೇ ಬದಲಾಯಿಸದೆ ಉಳಿಸಿಕೊಂಡು, ಅದರ ಮೇಲೆ ಉನ್ನತ ಸ್ಪಷ್ಟತೆಯ ಚಿತ್ರವನ್ನು ಬರೆಯುವ ಎಚ್‌ಡಿವಿ ಎಂಬ ಪದ್ಧತಿಯನ್ನು 2003ರಲ್ಲಿ ಸೋನಿ, ಜೆವಿಸಿ, ಕ್ಯಾನನ್, ಶಾರ್ಪ್ ಸಂಸ್ಥೆಗಳು ಒಡಗೂಡಿ ರೂಪಿಸಿದವು. ಎಚ್‌ವಿ20 ಈ ಪದ್ಧತಿಗೆ ಸೇರಿದ್ದು. 2006ರಲ್ಲಿ ಬಂದ ಎಚ್‌ವಿ10ರ ಉತ್ತರಾಧಿಕಾರಿ.

ಎಚ್‌ಡಿವಿಯ ಸ್ವರೂಪವನ್ನು ಅರಿಯದೆ ಈ ಯಂತ್ರದ ಗುಣವನ್ನಾಗಲಿ ದೋಷವನ್ನಾಗಲಿ ತೂಗಲಾಗದು. ಹಳೆಯ ಡಿವಿ ಪದ್ಧತಿಯಲ್ಲಿ ಪ್ರತಿಯೊಂದು ಚಿತ್ರವೂ ತನ್ನಷ್ಟಕ್ಕೆ ಪೂರ್ಣವಾಗಿ ಟೇಪಿನ ಮೇಲೆ ಮೂಡುತ್ತಿದ್ದಿತು. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಅದರ ಅಳತೆ 720ಕ್ಕೆ 576 ಬಿಂದುಗಳು. ಎಚ್‌ಡಿವಿಯಲ್ಲಿ ಅಳತೆಯು 1440ಕ್ಕೆ 1080ರವರೆಗೆ ಏರಿದರೂ ಸೆಕೆಂಡಿಗೆ ಟೇಪಿನ ಮೇಲೆ ಬೀಳುವ ಮಾಹಿತಿಯ ಪ್ರಮಾಣ ಹಿಂದಿನಂತೆ 25 ಮೆಗಾಬಿಟ್ಟುಗಳಷ್ಟೇ ಇರಬೇಕಾದುದರಿಂದ, ಎಂಪೆಗ್-2 ಎಂಬ ಸಂಕೋಚನವನ್ನು ಆಶ್ರಯಿಸಬೇಕಾಯಿತು. ಅಮೆರಿಕದ ಪದ್ಧತಿಯಲ್ಲಿ ಹದಿನೈದು, ನಮ್ಮದರಲ್ಲಿ ಹನ್ನೆರಡು ಚಿತ್ರಗಳಿಗೊಮ್ಮೆ ಒಂದು ಪೂರ್ಣ ಚಿತ್ರ. ಉಳಿದವೆಲ್ಲ ಅದಕ್ಕಿಂತ ತಾವು ಎಷ್ಟು ಭಿನ್ನ ಎಂಬುದನ್ನು ಮಾತ್ರ ಹೇಳುವ ಅಪೂರ್ಣ ಚಿತ್ರಗಳು. ನಿಶ್ಚಲವಾದ ಬೆಟ್ಟವನ್ನೋ ಮಾತನಾಡುತ್ತ ಕುಳಿತ ಮನುಷ್ಯನನ್ನೋ ಈ ಉಪಾಯವು ಸೊಗಸಾಗಿ ಹಿಡಿಯುತ್ತದೆ. ಮಳೆಯಲ್ಲಿ ತೊನೆಯುವ ಎಲೆಗಳು, ಉಕ್ಕುವ ಜಲಪಾತ, ಪಟಾಕಿಯ ಕಿಡಿಗಳು ಮೊದಲಾದ, ಚಿತ್ರದ ಸರ್ವಭಾಗವೂ ಕ್ಷಣಕ್ಷಣಕ್ಕೆ ಮಾರ್ಪಡುವ ದೃಶ್ಯ ಎದುರಾದಾಗ ಲೆಕ್ಕ ಸಾಲದೆ ಚಿತ್ರವು ಚೌಕಚೌಕವಾಗಿ ಒಡೆಯುತ್ತದೆ.

ಯಂತ್ರದ ಶ್ರೇಷ್ಠ ಗುಣ ಅದರ ಚಿತ್ರ. 1/2.7 ಅಂಗುಲದ ಒಂದೇ ಸೀಮಾಸ್ ಸಂವೇದಕದಲ್ಲಿ ಒಟ್ಟು 29.6 ಲಕ್ಷ ಬಿಂದುಗಳಿದ್ದು, ಅವುಗಳಲ್ಲಿ ವಿಡಿಯೋಗೆ ಒದಗುವವು 1920ಕ್ಕೆ 1080ರ ಪೂರ್ಣ ಅಳತೆಯವು. ಅಂದಿನ ಅನೇಕ ಯಂತ್ರಗಳು ಕಡಿಮೆ ಬಿಂದುಗಳನ್ನು ಗ್ರಹಿಸಿ ಲೆಕ್ಕಾಚಾರದಿಂದ ಹಿಗ್ಗಿಸುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಸೀರೆಯ ಜರಿಯ ಎಳೆ, ದೂರದ ಕಟ್ಟಡದ ಕಿಟಕಿಯ ಸರಳು, ತಲೆಗೂದಲಿನ ಅಂಚು ಇವು ಹಗಲ ಬೆಳಕಿನಲ್ಲಿ ತೀಡಿದಂತೆ ಮೂಡುತ್ತವೆ. ಹಳೆಯ ಸಿಸಿಡಿ ಸಂವೇದಕಗಳಲ್ಲಿ ಉರಿಯುವ ದೀಪವೊಂದು ಚೌಕಟ್ಟಿನೊಳಕ್ಕೆ ಬಂದಾಕ್ಷಣ ಮೇಲಿನಿಂದ ಕೆಳಗಿನವರೆಗೆ ಎಳೆಯುತ್ತಿದ್ದ ಬೆಳಕಿನ ಗೆರೆ ಇಲ್ಲಿ ಕಾಣಿಸುವುದೇ ಇಲ್ಲ.

ಇದೇ ಸಂವೇದಕ ಒಂದು ದೋಷವನ್ನೂ ಬೆನ್ನಿಗೆ ಕಟ್ಟಿಕೊಂಡು ಬಂದಿದೆ. ಸೀಮಾಸ್ ಸಂವೇದಕವು ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ಓದದೆ ಸಾಲುಸಾಲಾಗಿ ಮೇಲಿನಿಂದ ಕೆಳಗೆ ಓದುವುದಾದಕಾರಣ, ಕ್ಯಾಮೆರಾವನ್ನು ವೇಗವಾಗಿ ಪಕ್ಕಕ್ಕೆ ತಿರುಗಿಸಿದರೆ ನೇರವಾಗಿ ನಿಂತ ದೀಪಸ್ತಂಭಗಳು ಓರೆಯಾಗಿ ಕಾಣುತ್ತವೆ; ಓಡುವ ವಾಹನದಲ್ಲಿ ಕುಳಿತು ಹಿಡಿದರೆ ಇಡೀ ದೃಶ್ಯ ಅಂಬಲಿಯಂತೆ ತುಳುಕಾಡುತ್ತದೆ. ಮದುವೆಯ ಮಂಟಪದಲ್ಲಿ ಪಕ್ಕದ ಛಾಯಾಗ್ರಾಹಕನ ಫ್ಲ್ಯಾಶ್ ಮಿಂಚಿದರೆ ಚಿತ್ರದ ಅರ್ಧಭಾಗ ಮಾತ್ರ ಬೆಳಗಿ, ಉಳಿದರ್ಧ ಮೊದಲಿನಂತೆಯೇ ಉಳಿಯುವುದುಂಟು. ತಿರುಗಿಸುವ ಕೈಯನ್ನು ನಿಧಾನಗೊಳಿಸುವುದೊಂದೇ ಓರೆಗೆ ಮದ್ದು, ಫ್ಲ್ಯಾಶಿನ ಅರ್ಧಬೆಳಕಿಗೆ ಮದ್ದಿಲ್ಲ.

ಮಸೂರದ ಸಂಗಮದೂರ 6.1ರಿಂದ 61 ಮಿಲಿಮೀಟರು, ಹತ್ತುಪಟ್ಟಿನ ಝೂಮ್. 35 ಮಿಲಿಮೀಟರು ಫಿಲ್ಮಿನ ಕ್ಯಾಮೆರಾಗಳ ಲೆಕ್ಕಕ್ಕೆ ಇದನ್ನು ತಿರುಗಿಸಿದರೆ 43.6ರಿಂದ 436 ಎಂದಾಗುತ್ತದೆ. ದೂರದ ರಂಗಸ್ಥಳದ ಮೇಲಿನ ಮುಖವನ್ನು ಹತ್ತಿರಕ್ಕೆ ತರುವುದಕ್ಕೆ ಇದು ಬಹಳ ಸಾಕು. ಎದುರು ಗೋಡೆ ಆರಡಿ ದೂರದಲ್ಲಿರುವ ಕೋಣೆಯೊಳಗೆ ಹತ್ತು ಜನರನ್ನು ಒಂದೇ ಚೌಕಟ್ಟಿನಲ್ಲಿ ತರುವುದಕ್ಕೆ ಸಾಲದು. ನಮ್ಮ ಮನೆಗಳ ಶುಭಕಾರ್ಯಗಳೆಲ್ಲ ಇಂತಹ ಇಕ್ಕಟ್ಟಿನಲ್ಲಿಯೇ ನಡೆಯತಕ್ಕವಾದ್ದರಿಂದ, 43 ಮಿಲಿಮೀಟರಿನ ತಿರುಪಿಗೆ ಹೊಂದುವ 0.7 ಪಟ್ಟಿನ ವಿಶಾಲಕೋನದ ಪೂರಕ ಮಸೂರವೊಂದನ್ನು ಬೇರೆಯಾಗಿ ಕೊಳ್ಳದೆ ಗತ್ಯಂತರವಿಲ್ಲ. ಬೆಳಕನ್ನು ಒಳಬಿಡುವ ದ್ಯುತಿರಂಧ್ರವು ಅಗಲದ ತುದಿಯಲ್ಲಿ ಎಫ್1.8, ಝೂಮಿನ ಕೊನೆಯಲ್ಲಿ ಎಫ್3. ಎಂದರೆ, ದೂರದ್ದನ್ನು ಹತ್ತಿರಕ್ಕೆಳೆದಾಗ ಒಳಬರುವ ಬೆಳಕು ಮೂರನೆಯ ಒಂದು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಇರುಳಿನಲ್ಲಿ ನಡೆಯುವ ನಾಟಕವನ್ನು ಹಿಂದಿನ ಸಾಲಿನಿಂದ ಚಿತ್ರಿಸಹೊರಟವನು ಝೂಮ್ ಮಾಡಿದೊಡನೆ ಚಿತ್ರದಲ್ಲಿ ಮರಳು ಚೆಲ್ಲಿದಂತಾಗುವುದು ಈ ಕಾರಣದಿಂದ. ನಾಲ್ಕು ಸಾಲು ಮುಂದೆ ಹೋಗಿ ನಿಲ್ಲುವುದು ಅವನಿಗೆ ಯಾವ ಗುಂಡಿಗಿಂತಲೂ ಹೆಚ್ಚು ಉಪಕಾರಿ.

ಕೈಯ ನಡುಕವನ್ನು ತಡೆಯುವುದಕ್ಕೆ ಅಂಕೀಯ ಕತ್ತರಿಕೆಯನ್ನು ನೆಚ್ಚದೆ, ಮಸೂರದೊಳಗಿನ ಗಾಜೊಂದನ್ನೇ ಅತ್ತಿತ್ತ ಸರಿಸುವ ದ್ಯುತಿವ್ಯವಸ್ಥೆಯನ್ನು ಅಳವಡಿಸಿರುವುದು ಮೆಚ್ಚತಕ್ಕ ಸಂಗತಿ. ನಾಭೀಕರಣಕ್ಕೆ, ಎಂದರೆ ಜನರು ಫೋಕಸ್ ಎನ್ನುವುದಕ್ಕೆ, ಮಸೂರದ ಮೂಲಕ ನೋಡುವ ಸಾಧನವಲ್ಲದೆ ಹೊರಗಡೆ ಪ್ರತ್ಯೇಕ ಸಂವೇದಕವೊಂದೂ ಉಂಟು. ಅದು ದೂರವನ್ನು ತಟಕ್ಕನೆ ಅಂದಾಜುಮಾಡಿ ಕೊಡುವುದರಿಂದ ಮಂಜಾದ ಚಿತ್ರ ಹಿಂದುಮುಂದಾಗಿ ತಡಕಾಡುವ ಪೀಡೆ ಬಹಳಷ್ಟು ಕಡಿಮೆಯಾಗಿದೆ. ಓಡಾಡುವ ಮಗುವನ್ನು ಹಿಂಬಾಲಿಸುವ ತಂದೆತಾಯಿಗಳಿಗೆ ಇದರ ಬೆಲೆ ಚೆನ್ನಾಗಿ ತಿಳಿದೀತು.

ಈ ಯಂತ್ರಕ್ಕೆ ಲೋಕಪ್ರಸಿದ್ಧಿಯನ್ನು ತಂದುದು ಮತ್ತೊಂದು ಗುಣ. ಸಿನಿಮಾ ಫಿಲ್ಮಿನಂತೆ ಸೆಕೆಂಡಿಗೆ 24 ಪೂರ್ಣ ಚಿತ್ರಗಳನ್ನು ತೆಗೆಯುವ ಸಾಮರ್ಥ್ಯ ಅಲ್ಲಿಯವರೆಗೆ ಬಹುಪಾಲು ದುಬಾರಿ ಯಂತ್ರಗಳ ಸೊತ್ತಾಗಿತ್ತು. ಅದನ್ನು ಸಾವಿರ ಡಾಲರಿನ ಆಸುಪಾಸಿಗೆ ಇಳಿಸಿದ್ದರಿಂದ, ಹಣವಿಲ್ಲದೆ ಕನಸಷ್ಟೇ ಇದ್ದ ಅಸಂಖ್ಯ ತರುಣ ಚಿತ್ರಕಾರರು ಇದನ್ನು ಎರಡು ಕೈಗಳಿಂದಲೂ ಸ್ವಾಗತಿಸಿದರು. ಬಣ್ಣವನ್ನೂ ನೆರಳು-ಬೆಳಕಿನ ವೈದೃಶ್ಯವನ್ನೂ ಮೃದುಗೊಳಿಸುವ ‘ಸಿನೆ ಮೋಡ್’ ಇದಕ್ಕೆ ಜೊತೆಗೂಡಿತು. ಆದರೆ ಆ 24 ಚಿತ್ರಗಳು ಟೇಪಿನ ಮೇಲೆ ಇಪ್ಪತ್ತನಾಲ್ಕಾಗಿಯೇ ಉಳಿಯುವುದಿಲ್ಲ. ಒಂದು ಚಿತ್ರವನ್ನು ಎರಡು ಅರೆಚಿತ್ರಗಳಾಗಿ (ಫೀಲ್ಡುಗಳಾಗಿ), ಮುಂದಿನದನ್ನು ಮೂರಾಗಿ ಒಡೆಯುತ್ತ ಸೆಕೆಂಡಿಗೆ 60 ಅರೆಚಿತ್ರಗಳ ಪ್ರವಾಹದಲ್ಲಿ ಅವನ್ನು ಹುದುಗಿಸಲಾಗುತ್ತದೆ. ಎಲ್ಲಿ ಎರಡು, ಎಲ್ಲಿ ಮೂರು ಎಂಬ ಗುರುತನ್ನು ಟೇಪಿನ ಮೇಲೆ ಬರೆಯಲಾಗಿಲ್ಲ. ಆದ್ದರಿಂದ ಸಂಕಲನಕಾರನು ಕಂಪ್ಯೂಟರಿನಲ್ಲಿ ಈ ಗೋಜಲನ್ನು ಬಿಡಿಸಿ ಮೂಲ ಚಿತ್ರಗಳನ್ನು ಹೆಕ್ಕಿ ತೆಗೆಯುವ ಒಂದು ಹೆಚ್ಚಿನ ಕೆಲಸವನ್ನು ತಲೆಯ ಮೇಲೆ ಹೊತ್ತುಕೊಳ್ಳಬೇಕಾಯಿತು.

ನಮ್ಮ ದೇಶಕ್ಕೆ ಹೊಂದುವ ಪಾಲ್ ಮಾದರಿಯಲ್ಲಿ ಈ ತೊಡಕಿಲ್ಲ. ಅಲ್ಲಿ ಸೆಕೆಂಡಿಗೆ 25 ಚಿತ್ರಗಳು, ಪ್ರತಿಯೊಂದೂ ಸರಿಯಾಗಿ ಎರಡು ಅರೆಚಿತ್ರಗಳಾಗಿ 50ರ ಪ್ರವಾಹದಲ್ಲಿ ಕುಳಿತುಕೊಳ್ಳುತ್ತವೆ. ಅಮೆರಿಕದಲ್ಲಿರುವ ಬಂಧುಗಳ ಕೈಯಲ್ಲಿ ಅಲ್ಲಿನ ಮಾದರಿಯನ್ನು ತರಿಸಿಕೊಂಡವರಿಗೆ ಬೇರೊಂದು ತೊಂದರೆ ಕಾದಿರುತ್ತದೆ. ನಮ್ಮ ವಿದ್ಯುತ್ತು 50 ಆವರ್ತಗಳದಾದುದರಿಂದ ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಬಾರಿ ಮಿಡಿಯುತ್ತದೆ. 60ರ ಲೆಕ್ಕದಲ್ಲಿ ಕಣ್ಣು ತೆರೆಯುವ ಯಂತ್ರಕ್ಕೂ ಈ ಮಿಡಿತಕ್ಕೂ ತಾಳ ಕೂಡದೆ, ಬರಿಗಣ್ಣಿಗೆ ಸ್ಥಿರವಾಗಿ ತೋರುವ ಕೋಣೆಯು ಟೇಪಿನಲ್ಲಿ ಮಿಣುಕುತ್ತದೆ. ಷಟರಿನ ವೇಗವನ್ನು ಸೆಕೆಂಡಿನ 1/100ಕ್ಕೆ ನಿಲ್ಲಿಸಿದರೆ ಮಿಣುಕು ಅಡಗುತ್ತದೆ; ಅದಕ್ಕೆ ತೆರಬೇಕಾದ ಸುಂಕ ಸ್ವಲ್ಪ ಕತ್ತಲೆ.

ಇನ್ನು ಯಂತ್ರದ ಮುಖ್ಯ ಕೊರತೆ. ಷಟರಿನ ವೇಗವನ್ನು ಬಳಸುವವನು ಆರಿಸಿದರೆ ದ್ಯುತಿರಂಧ್ರವನ್ನು ಯಂತ್ರ ನಿರ್ಧರಿಸುತ್ತದೆ; ದ್ಯುತಿರಂಧ್ರವನ್ನು ಅವನು ಆರಿಸಿದರೆ ಷಟರನ್ನು ಅದು ಕೈಗೆತ್ತಿಕೊಳ್ಳುತ್ತದೆ. ಎರಡನ್ನೂ ಏಕಕಾಲದಲ್ಲಿ ಅವನ ವಶಕ್ಕೊಪ್ಪಿಸುವ ಮಾರ್ಗವಿಲ್ಲ. ಬೆಳಕು ಸಾಲದಾದಾಗ ವಿದ್ಯುತ್ಸಂಕೇತವನ್ನು ಹಿಗ್ಗಿಸುವ ಗೇನ್ ಎಂಬುದು ಎಷ್ಟು ಏರಿದೆ ಎಂಬುದನ್ನೂ ಪರದೆ ಹೇಳುವುದಿಲ್ಲ. ಒಡ್ಡಿಕೆಯನ್ನು (ಎಕ್ಸ್‌ಪೋಷರನ್ನು) ಒಂದು ಕಡೆ ಬಂಧಿಸಿ, ಸ್ಥಿರಚಿತ್ರದ ಗುಂಡಿಯನ್ನು ಅರ್ಧ ಒತ್ತಿ, ಆಗ ತೋರುವ ಅಂಕಿಗಳಿಂದ ಯಂತ್ರದ ಮನಸ್ಸನ್ನು ಊಹಿಸಿಕೊಳ್ಳುವ ಉಪಾಯಗಳನ್ನು ಬಳಕೆದಾರರೇ ಕಂಡುಹಿಡಿದು ಒಬ್ಬರಿಗೊಬ್ಬರು ಕಲಿಸಿದರು. ಕಲಿಯುವ ಹಂಬಲವುಳ್ಳವನಿಗೆ ಇಂತಹ ಕಳ್ಳದಾರಿಯೇ ರಾಜಮಾರ್ಗವಾಗುವುದು ನ್ಯಾಯವಲ್ಲ. ಅತಿಬೆಳಕಿನ ಭಾಗವನ್ನು ಗೆರೆಗಳಿಂದ ಸೂಚಿಸುವ ಝೀಬ್ರಾ, ಅಂಚುಗಳನ್ನು ಎತ್ತಿ ತೋರಿಸುವ ಪೀಕಿಂಗ್ ಮೊದಲಾದ ವೃತ್ತಿಪರರ ನೆರವುಗಳನ್ನು ಕೊಟ್ಟವರಿಗೆ ಇದೊಂದನ್ನು ಕೊಡುವುದು ಅಸಾಧ್ಯವಾಗಿತ್ತೆಂದು ನಂಬುವುದು ಕಷ್ಟ. ಫೋಕಸ್ಸಿನ ಚಕ್ರವೂ ಮಸೂರದ ಸುತ್ತ ಉಂಗುರವಾಗಿರದೆ, ಪಕ್ಕದಲ್ಲಿ ಬೆರಳತುದಿಗೆ ಮಾತ್ರ ಸಿಕ್ಕುವ ಒಂದು ಪುಟ್ಟ ಗಾಲಿ. ನಿಧಾನವಾಗಿ ಒಂದು ಮುಖದಿಂದ ಇನ್ನೊಂದು ಮುಖಕ್ಕೆ ದೃಷ್ಟಿಯನ್ನು ಒಯ್ಯಬೇಕೆನ್ನುವವನಿಗೆ ಅದು ಒಲಿಯುವುದಿಲ್ಲ.

ಧ್ವನಿಯ ವಿಷಯದಲ್ಲಿ ಔದಾರ್ಯವೂ ಲೋಪವೂ ಬೆರೆತಿವೆ. ಹೊರಗಿನ ಮೈಕಿಗೆ ಕಿಂಡಿಯುಂಟು, ಹೆಡ್‌ಫೋನಿಗೆ ಕಿಂಡಿಯುಂಟು, ಧ್ವನಿಯ ಮಟ್ಟವನ್ನು ಕೈಯಾರೆ ಏರಿಸಿ ಇಳಿಸುವ ಸೌಕರ್ಯವುಂಟು. ಆದರೆ ಒಡಲಿಗೇ ಅಂಟಿಕೊಂಡಿರುವ ಮೈಕು, ನಿಶ್ಶಬ್ದವಾದ ಕೋಣೆಯಲ್ಲಿ, ಟೇಪನ್ನು ಸುತ್ತುವ ಮೋಟಾರಿನ ಗುಯ್ಗುಟ್ಟುವಿಕೆಯನ್ನು ಮಾತಿನೊಂದಿಗೆ ಬರೆದುಕೊಳ್ಳುತ್ತದೆ. ವೃದ್ಧರೊಬ್ಬರ ನೆನಪುಗಳನ್ನು ದಾಖಲಿಸಹೊರಟವರು ಹೊರಗಿನ ಮೈಕನ್ನು ಐಚ್ಛಿಕವೆಂದು ತಿಳಿಯಬಾರದು. ಪ್ಲಾಸ್ಟಿಕ್ಕಿನ ಮೈ, ಕಿರಿದಾದ ವ್ಯೂಫೈಂಡರ್, ದಿನವಿಡೀ ಬಾರದ ಬ್ಯಾಟರಿ ಇವು ಈ ಬೆಲೆಯ ಯಂತ್ರಗಳಿಗೆಲ್ಲ ಸಾಮಾನ್ಯ.

ಟೇಪು ಈ ಯಂತ್ರದ ಬಲವೂ ಹೌದು, ಬಂಧನವೂ ಹೌದು. ಒಂದು ಗಂಟೆಯ ಕ್ಯಾಸೆಟ್ಟು 11 ಗಿಗಾಬೈಟಿಗೂ ಮೀರಿದ ದೃಶ್ಯವನ್ನು ಅಲ್ಪ ವೆಚ್ಚದಲ್ಲಿ ಹಿಡಿದಿಟ್ಟುಕೊಂಡು, ಕಂಪ್ಯೂಟರು ಕೆಟ್ಟರೂ ಕಪಾಟಿನಲ್ಲಿ ಉಳಿಯುತ್ತದೆ. ಅದನ್ನು ಕಂಪ್ಯೂಟರಿಗೆ ಇಳಿಸಲು ಮಾತ್ರ ಪೂರ್ತಿ ಒಂದು ಗಂಟೆಯೇ ಬೇಕು. ಟೇಪಿನ ಮೇಲೆ ಒಂದು ಕಣ ಧೂಳು ಕುಳಿತರೂ, ಅಪೂರ್ಣ ಚಿತ್ರಗಳೆಲ್ಲ ಒಂದು ಪೂರ್ಣ ಚಿತ್ರವನ್ನು ನೆಚ್ಚಿಕೊಂಡಿರುವುದರಿಂದ, ಹಳೆಯ ಡಿವಿಯಲ್ಲಿ ಒಂದು ಕ್ಷಣದ ಕಲೆಯಾಗುತ್ತಿದ್ದುದು ಇಲ್ಲಿ ಸುಮಾರು ಅರ್ಧ ಸೆಕೆಂಡು ಚಿತ್ರವನ್ನೇ ನುಂಗಬಹುದು. ಕರಾವಳಿ ಮಲೆನಾಡುಗಳ ಮಳೆಗಾಲದ ತೇವದಲ್ಲಿ ಟೇಪಿಗೆ ಬೂಷ್ಟು ಹಿಡಿಯುವ ಭಯವೂ ಇದರ ಜೊತೆಗಿದೆ.

ಎಚ್‌ಡಿಎಂಐ ಕಿಂಡಿಯ ಒಂದು ಗುಣವನ್ನು ಹೇಳದೆ ಬಿಡಲಾಗದು: ಟೇಪಿಗೆ ಹೋಗುವ ಮುನ್ನ, ಸಂಕೋಚನಕ್ಕೊಳಗಾಗದ ದೃಶ್ಯವು ಅಲ್ಲಿ ಹೊರಬೀಳುತ್ತದೆ. ಕಂಪ್ಯೂಟರಿಗೆ ತಕ್ಕ ಕಾರ್ಡನ್ನು ಜೋಡಿಸಿ ಅದನ್ನು ನೇರವಾಗಿ ಹಿಡಿದುಕೊಂಡವರು ಎಚ್‌ಡಿವಿಯ ಮಿತಿಗಳಿಂದಲೇ ಪಾರಾದರು. ಇನ್ನು ಕೆಲವರು ಮುಂದೆ ಉಜ್ಜಿದ ಗಾಜಿನ ಅಡಾಪ್ಟರನ್ನಿಟ್ಟು ಸ್ಥಿರಚಿತ್ರ ಕ್ಯಾಮೆರಾದ ಮಸೂರಗಳನ್ನು ಜೋಡಿಸಿ, ಸಿನಿಮಾದ ಮಸುಕಾದ ಹಿನ್ನೆಲೆಯನ್ನು ಸಾಧಿಸಿದರು. ಸಣ್ಣ ಸಂವೇದಕವು ತಾನಾಗಿ ಕೊಡಲಾರದ ಸೊಬಗದು.

2008ರಲ್ಲಿ ಎಚ್‌ವಿ30, 2009ರಲ್ಲಿ ಎಚ್‌ವಿ40 ಬಂದವು. 24 ಚಿತ್ರಗಳನ್ನು ಅರೆಚಿತ್ರಗಳ ಗೋಜಲಿಲ್ಲದೆ ಬರೆಯುವ ವ್ಯವಸ್ಥೆ ಎಚ್‌ವಿ40ರಲ್ಲಿ ಒದಗಿತು. ಅಷ್ಟರಲ್ಲಿ ಕಾಲ ಬದಲಾಗಿತ್ತು: 2006ರಲ್ಲಿ ಸೋನಿ, ಪ್ಯಾನಸೋನಿಕ್ ಸಂಸ್ಥೆಗಳು ಸಾರಿದ ಎವಿಸಿಎಚ್‌ಡಿ ಪದ್ಧತಿಯು ಚಿತ್ರಣವನ್ನು ಟೇಪಿನಿಂದ ಮೆಮೊರಿ ಕಾರ್ಡಿನತ್ತ ತಳ್ಳಿತು, 2008ರಲ್ಲಿ ನಿಕಾನ್ ಡಿ90, ಕ್ಯಾನನ್ 5ಡಿ ಮಾರ್ಕ್ 2 ಎಂಬ ಸ್ಥಿರಚಿತ್ರ ಕ್ಯಾಮೆರಾಗಳು ತಾವೇ ವಿಡಿಯೋ ಹಿಡಿಯತೊಡಗಿದವು.

ಇಂದು ಈ ಯಂತ್ರವನ್ನು ಹೊಸದಾಗಿ ಚಿತ್ರಿಸಲೆಂದು ಕೊಳ್ಳಬೇಕಾದ ಕಾರಣವಿಲ್ಲ. ಮಿನಿಡಿವಿ ಕ್ಯಾಸೆಟ್ಟುಗಳನ್ನು ಓದುವ ಸಾಧನವಾಗಿ ಮಾತ್ರ ಅದು ಅಮೂಲ್ಯ. ಇದರ ದೃಶ್ಯವನ್ನು ಇಳಿಸಲು ಬೇಕಾದ ಫೈರ್‌ವೈರ್ ಕಿಂಡಿ ಹೊಸ ಕಂಪ್ಯೂಟರುಗಳಲ್ಲಿ ಇಲ್ಲವಾಗಿದೆ. ಟೇಪನ್ನು ಓದುವ ಹೆಡ್ಡು ಸವೆದಾಗ ರಿಪೇರಿಮಾಡುವವರು ವಿರಳರಾಗುತ್ತಿದ್ದಾರೆ. ಮನೆಯ ಬೀರುವಿನಲ್ಲಿ ಇಂತಹ ಕ್ಯಾಸೆಟ್ಟುಗಳನ್ನು ಇಟ್ಟುಕೊಂಡಿರುವವರು, ಯಂತ್ರವು ಇನ್ನೂ ಓಡುತ್ತಿರುವಾಗಲೇ, ಮೊದಲು ಈಗ ನಮ್ಮೊಡನಿಲ್ಲದವರ ಮುಖ ಮತ್ತು ದನಿ ಇರುವ ಟೇಪನ್ನು ಎತ್ತಿಕೊಂಡು, ಎರಡು ಬೇರೆ ಬೇರೆ ಡಿಸ್ಕುಗಳಿಗೆ ಪ್ರತಿಮಾಡಿ ಇಡತಕ್ಕದ್ದು.