ಮುತ್ತು, ಹೊಲ ಮತ್ತು ಕಾನೂನು

ದೇವದಾಸಿಯರ ರಕ್ಷಣೆಗೆಂದು ಮುಂಬಯಿ ಪ್ರಾಂತ್ಯ ಕಾಯ್ದೆ ತಂದದ್ದು 1934ರಲ್ಲಿ. ಹೆಣ್ಣುಮಗಳನ್ನು ದೇವರಿಗೆ ಬಿಡುವ ವಿಧಿ ನಡೆಸಿದವರಿಗೆ ಒಂದು ವರ್ಷದವರೆಗೆ ಜೈಲು ಎಂದು ಅದು ಹೇಳಿತು. ಹಾಗೆ ಬಿಡಲಾದವಳು ಮುಂದೆ ಮದುವೆಯಾದರೆ ಆ ಮದುವೆ ಸಿಂಧು ಎಂದೂ ಹೇಳಿತು. ಈ ಕಾಯ್ದೆ ಬೀಳಗಿಗೆ ಅನ್ವಯವಾಯಿತು. ಜಮಖಂಡಿ, ಮುಧೋಳ, ರಬಕವಿ, ಬನಹಟ್ಟಿಗಳಿಗೆ ಆಗಲಿಲ್ಲ.

ಕಾರಣ ಸರಳ. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಜಮಖಂಡಿ ಪಟವರ್ಧನರ ಸಂಸ್ಥಾನ, ಬನಹಟ್ಟಿ ಅದಕ್ಕೆ ಸೇರಿತ್ತು. ಮಗ್ಗಲಿನ ರಬಕವಿ ಸಾಂಗಲಿ ಸಂಸ್ಥಾನದ್ದು. ಮುಧೋಳ ಘೋರ್ಪಡೆಯವರದು. ಇಂದು ಒಂದೇ ನಗರಸಭೆಯಾಗಿರುವ ರಬಕವಿ-ಬನಹಟ್ಟಿಯ ನೇಕಾರರು ಅಂದು ಇಬ್ಬರು ದೊರೆಗಳ ಪ್ರಜೆಗಳು. ಪ್ರಾಂತ್ಯದ ಶಾಸನಸಭೆಯ ಮಾತು ಸಂಸ್ಥಾನದ ಗಡಿಯಲ್ಲಿ ನಿಂತುಬಿಡುತ್ತಿತ್ತು.

ಪದ್ಧತಿಗೆ ಈ ಗಡಿ ಇರಲಿಲ್ಲ. ನಾಲ್ಕೂ ಕಡೆಯ ಬಂಡಿಗಳು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೇ ಹೋಗುತ್ತಿದ್ದವು. ಬಹುಪಾಲು ದಲಿತ ಕೇರಿಗಳ ಹೆಣ್ಣುಮಕ್ಕಳ ಕೊರಳಿಗೇ ಮುತ್ತು ಬೀಳುತ್ತಿತ್ತು. ನನ್ನಂಥ ಸಂಶೋಧಕರು ಟಿಪ್ಪಣಿ ಮಾಡುವಾಗ ಕಾಯ್ದೆಗಳನ್ನು ಇಸವಿಯ ಪ್ರಕಾರ ಸಾಲಾಗಿ ಬರೆದುಕೊಳ್ಳುತ್ತೇವೆ: 1909ರಲ್ಲಿ ಮೈಸೂರು ಸರಕಾರದ ಆದೇಶ, 1920ರಲ್ಲಿ ಕೊಲ್ಲಾಪುರದಲ್ಲಿ ಶಾಹು ಮಹಾರಾಜರ ನಿಷೇಧ, 1934ರಲ್ಲಿ ಮುಂಬಯಿ, 1947ರಲ್ಲಿ ಮದರಾಸು. ಹೀಗೆ ಬರೆದಾಗ ಸುಧಾರಣೆ ಮೆಟ್ಟಿಲು ಹತ್ತಿದಂತೆ ಕಾಣುತ್ತದೆ. ನಕಾಶೆಯ ಮೇಲೆ ಇಟ್ಟು ನೋಡಿದರೆ ಅದು ತೇಪೆ ಹಚ್ಚಿದ ಕೌದಿ. ಒಂದು ಹೆಣ್ಣಿಗೆ ಕಾನೂನಿನ ಆಸರೆ ಇದೆಯೋ ಇಲ್ಲವೋ ಎಂಬುದನ್ನು ಅವಳು ಹುಟ್ಟಿದ ಊರು ಯಾರ ಸರಹದ್ದಿನಲ್ಲಿದೆ ಎಂಬುದು ತೀರ್ಮಾನಿಸುತ್ತಿತ್ತು.

1948ರ ಮಾರ್ಚ್ 8ರಂದು ದಖ್ಖನಿನ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು. ಅದೇ ವರ್ಷ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ಒಪ್ಪಿಕೊಂಡಿತು. ಅದರ ಮೊದಲ ಕಲಮಿನಲ್ಲಿ ಬರೀ ಪುರುಷರನ್ನು ಸೂಚಿಸಬಹುದಾಗಿದ್ದ ಪದದ ಜಾಗದಲ್ಲಿ ಎಲ್ಲ ಮನುಷ್ಯರೂ ಎಂಬ ಅರ್ಥದ ಪದ ಬರುವಂತೆ ಮಾಡಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ಮುಂಬಯಿಯ ಶಾಸಕಿಯಾಗಿದ್ದವರು ಅವರು. ಮುಂದೆ ಸಂವಿಧಾನ ಬಂತು. ಲಿಂಗದ ಆಧಾರದ ತಾರತಮ್ಯವನ್ನು 15ನೇ ವಿಧಿ, ಮನುಷ್ಯರ ಮಾರಾಟವನ್ನು 23ನೇ ವಿಧಿ ನಿಷೇಧಿಸಿದವು. ಕೃಷ್ಣೆ ಘಟಪ್ರಭೆಯರ ನಡುವಿನ ಈ ಊರುಗಳು ಕಾಗದದ ಮೇಲೆ ಒಂದೇ ಕಾನೂನಿನ ಕೆಳಗೆ ಬಂದವು.

ಆದರೂ ಪದ್ಧತಿ ನಿಲ್ಲಲಿಲ್ಲ. ಕರ್ನಾಟಕ ಮತ್ತೆ 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಮಾಡಬೇಕಾಯಿತು. ಅದು ಜಾರಿಗೆ ಬಂದದ್ದು 1984ರಲ್ಲಿ. ಶಿಕ್ಷೆ ಮೂರು ವರ್ಷದವರೆಗೆ ಏರಿತು. ತಪ್ಪು ಮಾಡಿದವರು ತಂದೆ ತಾಯಿ ಅಥವಾ ಬಂಧುಗಳಾಗಿದ್ದರೆ ಎರಡರಿಂದ ಐದು ವರ್ಷ. ಇಲ್ಲೇ ತೊಡಕು. ದೂರು ಕೊಡಬೇಕಾದವಳು ಹುಡುಗಿ, ಜೈಲಿಗೆ ಹೋಗಬೇಕಾದವಳು ಅವಳ ಅವ್ವ. ವಿಧಿ ಗುಡ್ಡದಿಂದ ಮನೆಯೊಳಕ್ಕೆ ಸರಿದರೆ ಸಾಕ್ಷಿ ಹೇಳಲು ಯಾರೂ ಉಳಿಯುವುದಿಲ್ಲ.

ಕಾನೂನು ಮುತ್ತನ್ನು ನೋಡಿತು, ಹೊಲವನ್ನು ನೋಡಲಿಲ್ಲ ಎಂಬುದು ನನ್ನ ವಾದ. ಹರಕೆ, ಬಡತನ, ಜಾತಿಯ ಬಲಾತ್ಕಾರ ಇವೆಲ್ಲ ಕಾರಣಗಳೇ. ಅವುಗಳ ಜೊತೆಗೆ ಇನ್ನೊಂದು ಲೆಕ್ಕಾಚಾರವೂ ಇತ್ತು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಒಬ್ಬ ಮಗಳನ್ನು ದೇವರಿಗೆ ಬಿಟ್ಟರೆ ಅವಳು ಹೊರಗೆ ಹೋಗುವುದಿಲ್ಲ. ಮುಪ್ಪಿನಲ್ಲಿ ತಂದೆತಾಯಿಯನ್ನು ನೋಡಿಕೊಳ್ಳುತ್ತಾಳೆ, ಅವಳ ಮಕ್ಕಳು ಮನೆಯ ಹೆಸರು ಮುಂದುವರಿಸುತ್ತಾರೆ. ಮಗಳು ಮಗಳಾಗಿಯೇ ವಾರಸುದಾರಳಾಗಲು ಬಾರದ ಸಮಾಜ ಅವಳನ್ನು ದೇವರ ಹೆಸರಿನಲ್ಲಿ ಮಗನ ಜಾಗದಲ್ಲಿ ಕೂಡಿಸಿತು. ಅದರ ಬೆಲೆಯನ್ನು ಅವಳ ಮೈಯಿಂದ ವಸೂಲು ಮಾಡಿತು.

ವಸಾಹತು ನ್ಯಾಯಾಲಯ ಈ ಗಂಟನ್ನು ಬಿಡಿಸಲಿಲ್ಲ. 1880ರ ಮಥುರಾ ನಾಯಕಿಣ್ ಪ್ರಕರಣದಲ್ಲಿ ಮುಂಬಯಿ ಹೈಕೋರ್ಟು, ನಾಯಕಿಣಿಯರು ಹೆಣ್ಣುಮಗುವನ್ನು ದತ್ತು ಪಡೆಯುವುದನ್ನು ಒಪ್ಪಲಿಲ್ಲ. ಅನೀತಿಗೆ ಕಾನೂನು ಬೆಂಬಲ ಕೊಡಬಾರದು ಎಂಬುದು ತರ್ಕ. ಹೆಣ್ಣಿನಿಂದ ಹೆಣ್ಣಿಗೆ ಆಸ್ತಿ ಹೋಗುವ ದಾರಿ ಮುಚ್ಚಿತು. ಅವಳ ಬಳಿ ಬರುತ್ತಿದ್ದ ಗಂಡಸಿನ ಆಸ್ತಿಗೆ ಮಾತ್ರ ಏನೂ ಆಗಲಿಲ್ಲ.

ಆದ್ದರಿಂದ ಈ ಭಾಗದ ಹೆಣ್ಣುಮಕ್ಕಳ ಹಕ್ಕಿನ ಇತಿಹಾಸವನ್ನು ನಿಷೇಧ ಕಾಯ್ದೆಗಳ ಜೊತೆ ಉತ್ತರಾಧಿಕಾರ ಕಾಯ್ದೆಗಳನ್ನೂ ಇಟ್ಟು ಓದಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, ಮದುವೆಯಿಲ್ಲದೆ ಹುಟ್ಟಿದ ಮಕ್ಕಳನ್ನು ತಾಯಿಗೆ ಕಾನೂನುಬದ್ಧ ವಾರಸುದಾರರೆಂದು ಒಪ್ಪಿತು, ತಂದೆಗೆ ಅಲ್ಲ. 1994ರ ಜುಲೈ 30ರಿಂದ ಕರ್ನಾಟಕದ ತಿದ್ದುಪಡಿ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಕೊಟ್ಟಿತು, ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ನಾನು ಓದಿಕೊಂಡಂತೆ, ದೇವರಿಗೆ ಬಿಟ್ಟ ಮಗಳು ಕಾನೂನಿನ ಕಣ್ಣಿನಲ್ಲಿ ಅವಿವಾಹಿತೆ. ಗರತಿ ಎನಿಸಿಕೊಂಡ ಅಕ್ಕನಿಗೆ ದಕ್ಕದ ಪಾಲನ್ನು ಕೇಳುವ ಹಕ್ಕು ಅವಳಿಗಿತ್ತು. ಪಾಲು ಮಾಡಿಕೊಳ್ಳುವಷ್ಟು ಹೊಲ ಎಷ್ಟು ದಲಿತ ಮನೆಗಳಲ್ಲಿತ್ತು ಎಂಬುದು ಮುಂದಿನ ಪ್ರಶ್ನೆ. 2005ರ ಕೇಂದ್ರ ತಿದ್ದುಪಡಿ, 2020ರ ವಿನೀತಾ ಶರ್ಮಾ ತೀರ್ಪು ಬಂದ ಮೇಲೆ ಮದುವೆಯ ಭೇದವೂ ಹೋಗಿ ಹುಟ್ಟಿನಿಂದಲೇ ಮಗಳು ಸಮಾನಳಾದಳು.

ಸರಕಾರದ ಎರಡು ಸಮೀಕ್ಷೆಗಳು, 1993-94 ಮತ್ತು 2007-08, ರಾಜ್ಯದಲ್ಲಿ ಒಟ್ಟು 46,660 ದೇವದಾಸಿಯರನ್ನು ಗುರುತಿಸಿದವು. ಅವರ ಮಕ್ಕಳು ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಮುಂದೆ ಏನು ಬರೆಯಬೇಕು ಎಂಬ ಪ್ರಶ್ನೆ ಆ ಲೆಕ್ಕದಲ್ಲಿ ಇರಲಿಲ್ಲ. 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಮಸೂದೆ, ತಂದೆ ಯಾರೆಂದು ಕಾನೂನಿನ ಮೂಲಕ ಸ್ಥಾಪಿಸಿ ಅವನ ಆಸ್ತಿಯಲ್ಲಿ ಪಾಲು ಕೇಳುವ ದಾರಿಯನ್ನು ಈ ಮಕ್ಕಳಿಗೆ ತೆರೆಯುತ್ತದೆ. 1934ರಿಂದ ಕಾನೂನು ಕಟ್ಟಿದವರನ್ನೂ ಕಟ್ಟಿಸಿದವರನ್ನೂ ಹುಡುಕಿತು. ಬಂದು ಹೋದವನ ಕಡೆಗೆ ಅದು ತಿರುಗಲು ತೊಂಬತ್ತು ವರ್ಷ ಬೇಕಾಯಿತು.